ಏನೂ ಆಗುವುದಿಲ್ಲ ತಾನೇ?

ಮನೆಯ ಕಂಪ್ಯೂಟರುಗಳಿಗೆ ಹೊಸ ಆಪರೇಟಿಂಗ್ ಸಿಸ್ಟಮ್ (ವಿಂಡೋಸ್‌ನಂತೆ ಇಡೀ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ) ಹಾಕುವ ಗೀಳು ನನಗಿದೆ ಎಂಬುದು ಬಂಧುಬಳಗಕ್ಕೆಲ್ಲ ತಿಳಿದಿರುವುದರಿಂದ, ವರ್ಷದಲ್ಲಿ ಹತ್ತಾರು ಬಾರಿ ಒಂದೇ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ: "ಹೊಸದಕ್ಕೆ ಅಪ್‌ಗ್ರೇಡ್ ಮಾಡಿದರೆ ಏನೂ ಆಗುವುದಿಲ್ಲ ತಾನೇ?" ಮೊದಮೊದಲು ನಗುತ್ತ ಉತ್ತರಿಸುತ್ತಿದ್ದೆ, ಆಮೇಲೆ ವಿವರವಾಗಿ, ಇತ್ತೀಚೆಗೆ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದುಕೊಂಡು. ಇನ್ನು ಮೇಲೆ ಕೇಳಿದವರಿಗೆಲ್ಲ ಈ ಬರಹವನ್ನೇ ಕಳುಹಿಸಿ ಸುಮ್ಮನಾಗುತ್ತೇನೆ.

ಆಗುತ್ತದೆ. ಖಂಡಿತ ಏನಾದರೂ ಆಗುತ್ತದೆ. ಏನೂ ಆಗಬಾರದೆಂದಿದ್ದರೆ ಇದ್ದದ್ದನ್ನು ಇದ್ದ ಹಾಗೆಯೇ ಬಿಡಬಹುದಿತ್ತು. ಗಂಟೆಗಟ್ಟಲೆ ಪರದೆಯ ಮೇಲಿನ ಶೇಕಡಾವಾರು ಅಂಕಿಯನ್ನು ನೋಡುತ್ತ ಕುಳಿತುಕೊಳ್ಳುವ ಅಗತ್ಯ ಯಾರಿಗೂ ಇರುತ್ತಿರಲಿಲ್ಲ.

ನನಗೆ ಸಿಟ್ಟು ತರಿಸುವುದು ಆ ವಾಕ್ಯದ ಕೊನೆಗೆ ಅಂಟಿಕೊಂಡಿರುವ 'ತಾನೇ'. ಆ ಎರಡಕ್ಷರ ಇಲ್ಲದಿದ್ದರೆ ಅದೊಂದು ಪ್ರಾಮಾಣಿಕ ಪ್ರಶ್ನೆಯಾಗಿರುತ್ತಿತ್ತು, ನಾನೂ ಪ್ರಾಮಾಣಿಕವಾಗಿ ಉತ್ತರಿಸುತ್ತಿದ್ದೆ. ಅದು ಸೇರಿಕೊಂಡ ಕೂಡಲೇ ಪ್ರಶ್ನೆ ಜಾಮೀನು ಪತ್ರವಾಗುತ್ತದೆ, ನನ್ನ ಬಾಯಿಂದ ಬರುವ 'ಹೂಂ' ಅದಕ್ಕೆ ಸಹಿಯಾಗುತ್ತದೆ. ಮುಂದೆ ಆ ಕಂಪ್ಯೂಟರಿನ ಪರದೆ ಕಪ್ಪಾದರೂ, ಮೌಸ್ ತೊದಲಿದರೂ, ಎಂದೋ ಮರೆತ ಪಾಸ್‌ವರ್ಡ್ ಮತ್ತೊಮ್ಮೆ ಮರೆತುಹೋದರೂ ಕರೆ ಬರುವುದು ನನಗೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರ ನಡುವೆ ನಾನು ಬಹುಕಾಲ ಕೋಲಾಗಿ ದುಡಿದಿದ್ದೇನೆ.

ಅಪ್‌ಗ್ರೇಡ್ ಎಂದರೆ ಒಳಗೆ ನಡೆಯುವುದೇನು ಎಂಬುದನ್ನು ಒಮ್ಮೆ ಹೇಳಿಬಿಡುತ್ತೇನೆ. ವಿಂಡೋಸ್‌ನಲ್ಲಿ ಹಳೆಯದರ ಮೇಲೆಯೇ ಹೊಸದನ್ನು ಸ್ಥಾಪಿಸಿದಾಗ, ಹಳೆಯ ವ್ಯವಸ್ಥೆಯ ಕಡತಗಳೆಲ್ಲ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರಿಗೆ ಸರಿಯುತ್ತವೆ, ಹೊಸ ವ್ಯವಸ್ಥೆ ಅವುಗಳ ಜಾಗದಲ್ಲಿ ಕೂರುತ್ತದೆ, ನಿಮ್ಮ ಫೋಟೋ, ಪತ್ರ, ಪ್ರೋಗ್ರಾಂಗಳು ಮತ್ತು ಆಯ್ಕೆಗಳನ್ನು ಒಂದೊಂದಾಗಿ ಹೊಸ ಮನೆಗೆ ಸಾಗಿಸಲಾಗುತ್ತದೆ. ಇವುಗಳ ಜೊತೆ ಡ್ರೈವರುಗಳೂ ಸಾಗಬೇಕು. ಡ್ರೈವರ್ ಎಂದರೆ ಪ್ರಿಂಟರು, ಸ್ಕ್ಯಾನರು, ವೈಫೈ ಚಿಪ್ಪಿನಂಥ ಯಂತ್ರಭಾಗಗಳಿಗೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವೆ ನಿಂತು ಮಾತು ದಾಟಿಸುವ ದುಭಾಷಿ. ಹೊಸ ಆಪರೇಟಿಂಗ್ ಸಿಸ್ಟಮ್ ಹೊಸ ನುಡಿ ಆಡಿದಾಗ ಹಳೆಯ ದುಭಾಷಿಗೆ ಅರ್ಥವಾಗದೆ ಹೋಗಬಹುದು, ಮತ್ತು ಅವನಿಗೆ ಅದನ್ನು ಕಲಿಸಬೇಕಾದ ತಯಾರಕರು ಆ ಮಾದರಿಯನ್ನು ಎಂದೋ ಕೈಬಿಟ್ಟಿರಬಹುದು. ಆಗ ಯಂತ್ರ ಕೆಟ್ಟಿರುವುದಿಲ್ಲ, ಕಂಪ್ಯೂಟರೂ ಕೆಟ್ಟಿರುವುದಿಲ್ಲ. ಎರಡೂ ಆರೋಗ್ಯವಾಗಿಯೇ ಇದ್ದು ಪರಸ್ಪರ ಮಾತು ಬಿಟ್ಟಿರುತ್ತವೆ.

ನನಗೆ ಇದು ತಿಳಿದದ್ದು ಅಕ್ಕನ ಸ್ಕ್ಯಾನರಿನಿಂದ.

ವಿಂಡೋಸ್ 10 ಬಿಡುಗಡೆಯಾದದ್ದು 2015ರ ಜುಲೈ 29ರಂದು. ವಿಂಡೋಸ್ 7 ಮತ್ತು 8.1 ಇದ್ದವರಿಗೆ ಒಂದು ವರ್ಷದ ಮಟ್ಟಿಗೆ ಅದು ಉಚಿತವಾಗಿತ್ತು. ಉಚಿತ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನ್ನಂಥವನನ್ನು ಹಿಡಿದು ನಿಲ್ಲಿಸುವುದು ಕಷ್ಟ. ನನ್ನ ಕಂಪ್ಯೂಟರ್ ಮುಗಿಯಿತು, ತಮ್ಮನದು ಮುಗಿಯಿತು, ಆಗಸ್ಟ್ ತಿಂಗಳಲ್ಲಿ ಅಕ್ಕನ ಮನೆಗೆ ಹೋದವನು ಅವಳ ಕಂಪ್ಯೂಟರಿನ ಮುಂದೆಯೂ ಕುಳಿತೆ. ಅವಳು ಕೇಳಿದ್ದು ಇದೇ ಪ್ರಶ್ನೆ. "ಏನೂ ಆಗಲ್ಲ, ನಾನಿದೀನಲ್ಲ" ಎಂದು ನಾನು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಮರೆಯೋಣವೆಂದರೆ ಅಕ್ಕ ಬಿಡುವುದಿಲ್ಲ. ಎರಡು ಗಂಟೆಯೊಳಗೆ ಎಲ್ಲವೂ ಮುಗಿದು, ಅವಳ ಫೋಟೋಗಳು, ಲೆಕ್ಕಪತ್ರಗಳು, ಡೆಸ್ಕ್‌ಟಾಪಿನ ಮೇಲೆ ಹರಡಿದ್ದ ನೂರಾರು ಐಕಾನುಗಳು ಸಹ ಇದ್ದಲ್ಲಿಯೇ ಇದ್ದವು. ನಾನು ಹೆಮ್ಮೆಯಿಂದ ಹೊರಟುಬಂದೆ.

ಮೂವತ್ತೈದನೆಯ ದಿನ ಅವಳಿಗೆ ಒಂದು ಅರ್ಜಿಗಾಗಿ ಪ್ರಮಾಣಪತ್ರಗಳನ್ನು ಸ್ಕ್ಯಾನ್ ಮಾಡಬೇಕಾಗಿ ಬಂತು. ವರ್ಷಕ್ಕೆ ಮೂರು ನಾಲ್ಕು ಬಾರಿ ಮಾತ್ರ ಬಳಕೆಯಾಗುತ್ತಿದ್ದ ಆ ಸ್ಕ್ಯಾನರು ದೀಪ ಉರಿಸಿಕೊಂಡು ಕುಳಿತಿತ್ತೇ ಹೊರತು ಕಂಪ್ಯೂಟರಿಗೆ ಅದರ ಗುರುತೇ ಇರಲಿಲ್ಲ. ತಯಾರಕರ ಡ್ರೈವರು ಹಳೆಯ ವಿಂಡೋಸ್‌ಗೇ ನಿಂತುಹೋಗಿತ್ತು, ಹೊಸದನ್ನು ಅವರು ಬರೆಯುವ ಲಕ್ಷಣವಿರಲಿಲ್ಲ. ಹಾಗಾದರೆ ವಿಂಡೋಸ್ 7ಕ್ಕೆ ಹಿಂತಿರುಗೋಣವೆಂದು ಸೆಟ್ಟಿಂಗ್ಸ್ ತೆರೆದರೆ ಆ ಆಯ್ಕೆ ಮಾಯವಾಗಿತ್ತು. ಹಿಂತಿರುಗಲು ಆಗ ಕೊಡುತ್ತಿದ್ದ ಅವಧಿ ಒಂದು ತಿಂಗಳು. ಅದು ಮುಗಿದ ಕೂಡಲೇ ಹಳೆಯ ಕಡತಗಳನ್ನು ಅಳಿಸಿ ಜಾಗ ಮಾಡಿಕೊಳ್ಳುವುದು ವಿಂಡೋಸ್‌ನ ಪದ್ಧತಿ. ನಾನು ಅದನ್ನು ಓದಿದ್ದೆ. ಅವಳಿಗೆ ಹೇಳಿರಲಿಲ್ಲ, ಏಕೆಂದರೆ ಅವಳು ಕೇಳಿರಲಿಲ್ಲ. ಈ ಸಮರ್ಥನೆ ಎಷ್ಟು ದುರ್ಬಲವೆಂದು ನನಗೂ ಗೊತ್ತಿದೆ.

ಕೊನೆಗೆ ಆ ದಿನ ಕೈಹಿಡಿದದ್ದು ನನ್ನ ಜೇಬಿನಲ್ಲಿದ್ದ, ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ತುಂಬಿದ್ದ ಪೆನ್ ಡ್ರೈವ್. ಅದರಿಂದ ಕಂಪ್ಯೂಟರನ್ನು ಬೂಟ್ ಮಾಡಿದರೆ, ಅಂದರೆ ಚಾಲೂ ಮಾಡಿದರೆ, ಹಾರ್ಡ್ ಡಿಸ್ಕನ್ನು ಮುಟ್ಟದೆ ಇಡೀ ವ್ಯವಸ್ಥೆ ಪೆನ್ ಡ್ರೈವಿನಿಂದಲೇ ಓಡುತ್ತದೆ. ಲಿನಕ್ಸ್‌ನಲ್ಲಿ ಸ್ಕ್ಯಾನರುಗಳನ್ನು ನೋಡಿಕೊಳ್ಳುವ 'ಸೇನ್' ಎಂಬ ತಂತ್ರಾಂಶವಿದೆ; ಅದರ ಡ್ರೈವರುಗಳನ್ನು ಬಹುಮಟ್ಟಿಗೆ ಸ್ವಯಂಸೇವಕರು ಬರೆದು ಉಳಿಸಿಕೊಂಡು ಬಂದಿರುವುದರಿಂದ, ತಯಾರಕರು ಮರೆತ ಎಷ್ಟೋ ಮಾದರಿಗಳು ಅದರ ನೆನಪಿನಲ್ಲಿವೆ. ಅಕ್ಕನ ಸ್ಕ್ಯಾನರು ಏನನ್ನೂ ಸ್ಥಾಪಿಸದೆಯೇ ಮಾತಾಡಿತು. ಅವಳು ಅಷ್ಟೇನೂ ಸಂತೋಷಪಡಲಿಲ್ಲ. "ಇದು ಮೊದಲೂ ಕೆಲಸ ಮಾಡ್ತಿತ್ತಲ್ಲ" ಎಂದಳು, ಮತ್ತು ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ನಾನು ಬೇರೊಂದು ಪ್ರಶ್ನೆಗಾಗಿ ಕಾಯುತ್ತಿದ್ದೇನೆ: "ಬೇಡವೆನಿಸಿದರೆ ಹಿಂದಕ್ಕೆ ಬರುವುದು ಹೇಗೆ, ಎಷ್ಟು ದಿನದೊಳಗೆ ಬರಬೇಕು?" ಇಷ್ಟು ವರ್ಷಗಳಲ್ಲಿ ಒಬ್ಬರೂ ಇದನ್ನು ಕೇಳಿಲ್ಲ. ಒಳಗೆ ನುಗ್ಗುವುದನ್ನು ಮಾತ್ರ ಕಲಿತವನ ಗತಿ ಏನಾಯಿತೆಂದು ಅಭಿಮನ್ಯುವಿನ ಕಥೆ ಕೇಳಿ ಬೆಳೆದವರಿಗೂ ಕಂಪ್ಯೂಟರಿನ ಮುಂದೆ ಕುಳಿತಾಗ ಅದು ಹೊಳೆಯುವುದಿಲ್ಲ. ಯಾರೂ ಕೇಳದಿದ್ದರೂ ಹೇಳುತ್ತೇನೆ. ವಿಂಡೋಸ್ 10ರಿಂದ 11ಕ್ಕೆ ಹೋದರೆ ಹಿಂತಿರುಗಲು ಸಿಗುವುದು 10 ದಿನ ಮಾತ್ರ. ಆ 10 ದಿನ ಮುಗಿಯುವ ಮೊದಲೇ ಒಂದು ಆದೇಶ ಕೊಟ್ಟು ಅದನ್ನು 60 ದಿನಗಳವರೆಗೆ ವಿಸ್ತರಿಸಿಕೊಳ್ಳಬಹುದು, ಮುಗಿದ ಮೇಲೆ ಸಾಧ್ಯವಿಲ್ಲ. ಹಿಂತಿರುಗಿದಾಗ ನಿಮ್ಮ ಕಡತಗಳು ಉಳಿಯುತ್ತವೆ, ಆದರೆ ಈ ನಡುವೆ ಹೊಸದಾಗಿ ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ. ಆದ್ದರಿಂದ ಆ 10 ದಿನಗಳನ್ನು ಹೊಸ ವಾಲ್‌ಪೇಪರ್ ಮೆಚ್ಚುವುದರಲ್ಲಿ ಕಳೆಯದೆ, ವರ್ಷಕ್ಕೊಮ್ಮೆ ಮಾತ್ರ ಬಳಸುವ ವಸ್ತುಗಳನ್ನೆಲ್ಲ ಒಮ್ಮೆ ಜೋಡಿಸಿ ನೋಡಬೇಕು. ದಿನವೂ ಬಳಸುವುದು ಕೆಟ್ಟರೆ ಮೊದಲ ದಿನವೇ ಗೊತ್ತಾಗುತ್ತದೆ. ನಮ್ಮನ್ನು ಸಿಕ್ಕಿಸುವುದು ಅಪರೂಪಕ್ಕೆ ಬಳಸುವುದೇ.

ನಾನು ಈಗ ಅನುಸರಿಸುವ ಕ್ರಮ ಇನ್ನೂ ಒರಟಾದದ್ದು. ಹಳೆಯ ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿ, ಮೇಲೆ ತಾರೀಕು ಬರೆದು ಪೆಟ್ಟಿಗೆಯಲ್ಲಿಡುತ್ತೇನೆ. ಹೊಸ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪುಗಳಿಂದಲೇ ಆದ ವೇಗದ ಡಿಸ್ಕ್) ಹಾಕಿ ಅದರ ಮೇಲೆ ಹೊಸ ವ್ಯವಸ್ಥೆಯನ್ನು ಮೊದಲಿನಿಂದ ಸ್ಥಾಪಿಸುತ್ತೇನೆ. ಬೇಡವಾದರೆ ಹಿಂತಿರುಗಲು ಒಂದು ಸ್ಕ್ರೂಡ್ರೈವರ್ ಸಾಕು, ಯಾವ ಕಂಪನಿಯ ಗಡುವಿಗೂ ಕಾಯಬೇಕಿಲ್ಲ. ತಟ್ಟೆ ತಿರುಗುವ ಹಳೆಯ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದವರು "ಹೊಸ ಆಪರೇಟಿಂಗ್ ಸಿಸ್ಟಮ್ ಎಷ್ಟು ವೇಗವಾಗಿದೆ!" ಎಂದು ಹೊಗಳುವುದನ್ನು ಕೇಳಿದ್ದೇನೆ. ಆ ಹೊಗಳಿಕೆ ಸಲ್ಲಬೇಕಾದದ್ದು ಡಿಸ್ಕಿಗೆ, ಆದರೆ ತಿದ್ದುವ ಉತ್ಸಾಹ ನನ್ನಲ್ಲಿ ಉಳಿದಿಲ್ಲ.

ಇಷ್ಟೆಲ್ಲ ತೊಂದರೆಯಿದ್ದರೆ ಅಪ್‌ಗ್ರೇಡ್ ಏಕೆ ಮಾಡಬೇಕು ಎಂಬುದು ಮುಂದಿನ ಪ್ರಶ್ನೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ರಂದು. ಅಂದು ಬೆಳಗ್ಗೆ ಕಂಪ್ಯೂಟರ್ ಆನ್ ಆಗುವುದೇ ಇಲ್ಲವೆಂದು ನಂಬಿ ಹಿಂದಿನ ರಾತ್ರಿ ಕರೆ ಮಾಡಿದವರಿದ್ದಾರೆ. ಅದು ಆನ್ ಆಗುತ್ತದೆ, ಓಡುತ್ತದೆ. ನಿಲ್ಲುವುದು ಹೊಸದಾಗಿ ಪತ್ತೆಯಾಗುವ ಭದ್ರತಾ ಬಿರುಕುಗಳಿಗೆ ಹಾಕುವ ತೇಪೆ. ಮನೆಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ ಅದನ್ನು 2026ರ ಅಕ್ಟೋಬರ್ 13ರವರೆಗೆ ಪಡೆಯುವ ಅವಕಾಶವನ್ನೂ ಕೊಟ್ಟಿದ್ದಾರೆ. ತೇಪೆ ಇಲ್ಲದಿದ್ದರೆ ಏನಾಗುತ್ತದೆ ಎನ್ನುವವರು 2017ರ ಮೇ ತಿಂಗಳಿನ 'ವಾನ್ನಾಕ್ರೈ' ಎಂಬ ಸುಲಿಗೆ ತಂತ್ರಾಂಶವನ್ನು ನೆನಪಿಸಿಕೊಳ್ಳಬೇಕು: ಅದು ಬಳಸಿದ ಬಿರುಕಿಗೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು, ಹಾಕಿಕೊಳ್ಳದವರ ಕಡತಗಳು ಬೀಗ ಬಿದ್ದು ಒತ್ತೆಯಾದವು.

ನನ್ನ ಮನೆಯಲ್ಲಿ ಆ ಗಡುವಿಗೆ ಮೂರು ಕಂಪ್ಯೂಟರುಗಳಿದ್ದವು. ವಿಂಡೋಸ್ 11 ಕೇಳುವ, ಗುಪ್ತ ಕೀಲಿಗಳನ್ನು ಕಾಯುವ ಟಿಪಿಎಂ 2.0 ಚಿಪ್ಪು, ಆನ್ ಆಗುವಾಗ ನಂಬಿಕಸ್ಥ ತಂತ್ರಾಂಶವನ್ನು ಮಾತ್ರ ಬಿಡುವ ಸೆಕ್ಯೂರ್ ಬೂಟ್, ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರುವ ಪ್ರೊಸೆಸರ್, ಈ ಮೂರೂ ಇದ್ದದ್ದು ಒಂದು ಲ್ಯಾಪ್‌ಟಾಪಿನಲ್ಲಿ ಮಾತ್ರ. ಅತಿ ಸುಲಭವೆಂದುಕೊಂಡ ಅದೇ ನನ್ನನ್ನು ಹೆಚ್ಚು ಕಾಡಿತು. ಅಪ್‌ಗ್ರೇಡಿಗೆ ಮೊದಲು ಬಯಾಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ ತಂತ್ರಾಂಶ) ಹೊಸದಾಗಿರಲಿ ಎಂದು ಅದನ್ನು ನವೀಕರಿಸಿದೆ. ಮರುಬೂಟಾದಾಗ ನೀಲಿ ಪರದೆಯೊಂದು ಬಂದು, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರಿನ 48 ಅಂಕಿಗಳ ಕೀಲಿ ಕೇಳಿತು. ಡಿಸ್ಕ್ ಗೂಢಲಿಪಿಯಲ್ಲಿದ್ದಾಗ, ಬೂಟ್ ಆಗುವ ಕ್ರಮದಲ್ಲಿ ಬದಲಾವಣೆ ಕಂಡರೆ ಅದು ಕಳ್ಳನ ಕೈಯಿರಬಹುದೆಂದು ಟಿಪಿಎಂ ಕೀಲಿಯನ್ನು ಬಿಟ್ಟುಕೊಡುವುದಿಲ್ಲ. ಹಾಗಾಗಿ ಬಯಾಸ್ ಮುಟ್ಟುವ ಮೊದಲು ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು. ನೆರೆಹೊರೆಗೆಲ್ಲ ನಾನೇ ಹೇಳಿಕೊಟ್ಟಿದ್ದ ಪಾಠವಿದು. ಕೀಲಿಯ ಪ್ರತಿ ನನ್ನ ಆನ್‌ಲೈನ್ ಖಾತೆಯಲ್ಲಿತ್ತು. ಆ ಖಾತೆಯ ಪಾಸ್‌ವರ್ಡ್ ಇದ್ದದ್ದು ಅದೇ ಲ್ಯಾಪ್‌ಟಾಪಿನ ಬ್ರೌಸರಿನೊಳಗೆ. ಫೋನಿಗೆ ಸಂಕೇತ ತರಿಸಿಕೊಂಡು, ಪಾಸ್‌ವರ್ಡ್ ಬದಲಿಸಿ, 48 ಅಂಕಿಗಳನ್ನು ಕಾಗದದ ಮೇಲೆ ಬರೆದು, ಆರಾರರಂತೆ ಎಂಟು ಗುಂಪುಗಳಲ್ಲಿ ತುಂಬುವಾಗ, ಆ ಹೊತ್ತಿನಲ್ಲಿ ಯಾರೂ ಪಕ್ಕದಲ್ಲಿ ನಿಂತು "ಏನೂ ಆಗಿಲ್ಲ ತಾನೇ?" ಎಂದು ಕೇಳದಿದ್ದದ್ದೇ ನನ್ನ ಪುಣ್ಯ.

ಎರಡನೆಯದು ಹತ್ತು ವರ್ಷ ದಾಟಿದ ಡೆಸ್ಕ್‌ಟಾಪ್. ಪ್ರೊಸೆಸರ್ ಪಟ್ಟಿಯಲ್ಲಿಲ್ಲ, ಟಿಪಿಎಂ ಇಲ್ಲ. ತಪಾಸಣೆಯನ್ನು ವಂಚಿಸಿ ವಿಂಡೋಸ್ 11 ಹಾಕುವ ಉಪಾಯಗಳಿವೆ. ಸ್ವಂತ ಯಂತ್ರದಲ್ಲಿ ಆಟವಾಡಲು ಅವು ಚೆನ್ನ, ಆದರೆ ಮುಂದಿನ ಅಪ್‌ಡೇಟುಗಳು ಸಿಗುವ ಭರವಸೆಯಿಲ್ಲದ ಮೇಲೆ ಬೇರೆಯವರ ಯಂತ್ರದಲ್ಲಿ ನಾನಂತೂ ಅದನ್ನು ಮಾಡುವುದಿಲ್ಲ. ಮನೆಯವರು ಬಳಸುವ ಈ ಡೆಸ್ಕ್‌ಟಾಪಿಗೆ ಎಸ್‌ಎಸ್‌ಡಿ ಸೇರಿಸಿ, ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್ 22 ಹಾಕಿದೆ, ಅದಕ್ಕೆ 2029ರವರೆಗೆ ಬೆಂಬಲವಿದೆ. ಮನೆಯವರು ಮೂರು ದಿನ ಗೊಣಗಿದರು, ನಾಲ್ಕನೆಯ ದಿನ ಬ್ರೌಸರ್ ಎಲ್ಲಿದೆಯೆಂದು ಕಂಡುಕೊಂಡರು, ಅಲ್ಲಿಗೆ ಗೊಣಗಾಟ ಮುಗಿಯಿತು.

ಮೂರನೆಯದು 2 ಜಿಬಿ ಮೆಮೊರಿಯ, 32 ಬಿಟ್ ಎಂಬ ಹಳೆಯ ಬಗೆಯ ಪ್ರೊಸೆಸರಿನ ಪುಟ್ಟ ಲ್ಯಾಪ್‌ಟಾಪ್. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಲಿನಕ್ಸ್‌ನ ಇನ್ನೊಂದು ರೂಪವಾದ ಡೆಬಿಯನ್ ಕೂಡ 2025ರ ಆಗಸ್ಟಿನಲ್ಲಿ ಬಂದ 13ನೆಯ ಆವೃತ್ತಿಯಿಂದ ಇಂಥ ಯಂತ್ರಗಳಿಗೆ ಸ್ಥಾಪನಾ ಪ್ರತಿ ಕೊಡುವುದನ್ನು ನಿಲ್ಲಿಸಿತು, ಹಾಗಾಗಿ ಅದು ಡೆಬಿಯನ್ 12ರಲ್ಲಿಯೇ ನಿಂತಿದೆ.

"ನಿಮ್ಮಂಥವರಿಗೆ ಸುಲಭ ಬಿಡಿ" ಎನ್ನುವವರಿಗೂ ಒಂದು ಮಾತು. ಮೇಲಿನ ಕಥೆಯಲ್ಲಿ ಸುಲಭವಾದದ್ದು ಯಾವುದೆಂದು ನನಗೆ ಕಾಣುತ್ತಿಲ್ಲ. ನನಗೂ ನಿಮಗೂ ಇರುವ ವ್ಯತ್ಯಾಸವೆಂದರೆ, ಕೆಟ್ಟಾಗ ನಾನು ಕರೆ ಮಾಡಲು ನನ್ನಂಥವನೊಬ್ಬ ಇಲ್ಲ.

ಅಕ್ಕನ ವಿಷಯ ಬಾಕಿ ಉಳಿಯಿತು. ಅವಳಿಗೆಂದು 2015ರಲ್ಲೇ ಒಂದು ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ, ಸ್ಕ್ಯಾನರನ್ನು ಅದಕ್ಕೆ ಜೋಡಿಸಿಕೊಟ್ಟೆ. ಅವಳ ಮುಖ್ಯ ಕಂಪ್ಯೂಟರು ಆಮೇಲೆ ಎರಡು ಬಾರಿ ಬದಲಾಗಿದೆ, ಇದು ಮೂಲೆಯಲ್ಲಿ ಹಾಗೆಯೇ ಇದೆ. ಅದರಲ್ಲಿ ಸಿಪಿಯು, ಮಾನಿಟರು, ಕೀಬೋರ್ಡು, ಒಂದು ಇಡೀ ಆಪರೇಟಿಂಗ್ ಸಿಸ್ಟಮ್ ಎಲ್ಲವೂ ಇದ್ದರೂ ಅವಳು ಅದನ್ನು ಕಂಪ್ಯೂಟರ್ ಎಂದು ಇವತ್ತಿನವರೆಗೂ ಕರೆದಿಲ್ಲ. "ಸ್ಕ್ಯಾನರ್ ಆನ್ ಮಾಡು" ಎನ್ನುತ್ತಾಳೆ, ಮತ್ತು ನಾನು ಆ ಕೋಣೆಗೆ ಹೋದರೆ ಹಿಂದೆಯೇ ಬಂದು ನಿಲ್ಲುತ್ತಾಳೆ.