ಡಾಕ್ಟರ್ ಫಾಸ್ಟಸ್: ಎರಡು ಪಠ್ಯ, ಆರು ವಾರದ ಕೆಲಸ

ಇಂಗ್ಲಿಷ್ ನಾಟಕಕಾರ ಕ್ರಿಸ್ಟೋಫರ್ ಮಾರ್ಲೋನ ‘ಡಾಕ್ಟರ್ ಫಾಸ್ಟಸ್’, ಮಂತ್ರವಿದ್ಯೆಗಾಗಿ ಆತ್ಮವನ್ನು ಸೈತಾನನಿಗೆ ಮಾರಿಕೊಂಡ ವಿದ್ವಾಂಸನ ನಾಟಕ. ಅದನ್ನು ಸಾಲುಸಾಲಾಗಿ ಓದಿ, ಕೊನೆಯ ಸ್ವಗತವನ್ನು ಕನ್ನಡಕ್ಕೆ ತರುವ ಕೆಲಸ ಆರನೆಯ ವಾರಕ್ಕೆ ಬಂದಿದೆ. ಈವರೆಗೆ ಆದದ್ದು, ಕೆಟ್ಟದ್ದು, ಬಾಕಿ ಉಳಿದದ್ದು ಇಲ್ಲಿದೆ.

ಮೊದಲ ವಾರ: ಯಾವ ಪಠ್ಯ?

ಈ ನಾಟಕಕ್ಕೆ ಒಂದೇ ಪಠ್ಯವಿಲ್ಲ. 1604ರಲ್ಲಿ ಅಚ್ಚಾದದ್ದನ್ನು ಎ ಪಠ್ಯ, 1616ರದ್ದನ್ನು ಬಿ ಪಠ್ಯ ಎನ್ನುತ್ತಾರೆ. ಎರಡೂ ಅಚ್ಚಾದದ್ದು ಮಾರ್ಲೋ ತೀರಿಕೊಂಡ ಮೇಲೆ. ಅವನು ಡೆಪ್ಟ್‌ಫರ್ಡಿನಲ್ಲಿ ಇರಿತಕ್ಕೆ ಸಿಕ್ಕಿ ಸತ್ತದ್ದು 1593ರ ಮೇ 30ರಂದು. ಎ ಪಠ್ಯದ 36 ಸಾಲುಗಳು ಬಿಯಲ್ಲಿ ಇಲ್ಲ, 676 ಸಾಲುಗಳು ಹೊಸದಾಗಿ ಬಂದಿವೆ ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ರಂಗಮಂದಿರದ ಒಡೆಯ ಫಿಲಿಪ್ ಹೆನ್ಸ್ಲೋ ತನ್ನ ಲೆಕ್ಕದ ಪುಸ್ತಕದಲ್ಲಿ 1602ರ ನವೆಂಬರ್ 22ರಂದು, ಫಾಸ್ಟಸ್‌ಗೆ ಸೇರಿಸಿ ಬರೆದದ್ದಕ್ಕಾಗಿ ವಿಲಿಯಂ ಬರ್ಡ್ ಮತ್ತು ಸ್ಯಾಮ್ಯುಯೆಲ್ ರೋಲಿಗೆ 4 ಪೌಂಡ್ ಕೊಟ್ಟದ್ದನ್ನು ಗುರುತು ಹಾಕಿದ್ದಾನೆ. ಬಿಯಲ್ಲಿ ಹೆಚ್ಚಾಗಿರುವ ಸಾಲುಗಳ ಹಿಂದೆ ಈ 4 ಪೌಂಡ್ ಇದೆ ಎಂದು ಬಹಳ ವಿದ್ವಾಂಸರು ಎಣಿಸುತ್ತಾರೆ.

ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವ ಪ್ರತಿಗಳಲ್ಲಿ ಯಾವ ಪಠ್ಯ ಎಂದು ಎಷ್ಟೋ ಸಲ ಬರೆದಿರುವುದಿಲ್ಲ. ಕೆಲವಂತೂ ಎರಡನ್ನೂ ಬೆರೆಸಿದವು. ಕೈಗೆ ಬಂದ ಪ್ರತಿ ಯಾವುದೆಂದು ಎರಡೇ ನಿಮಿಷದಲ್ಲಿ ತಿಳಿಯುವ ಪರೀಕ್ಷೆ ಹೀಗಿದೆ. ಒಳ್ಳೆಯ ದೇವದೂತ ‘ನೆವರ್ ಟೂ ಲೇಟ್’ ಎನ್ನುವ ಸಾಲನ್ನು ಹುಡುಕಿ. ಅದರ ಮುಂದೆ ‘ಇಫ್ ಫಾಸ್ಟಸ್ ಕ್ಯಾನ್ ರಿಪೆಂಟ್’ ಎಂದಿದ್ದರೆ ಎ, ‘ವಿಲ್ ರಿಪೆಂಟ್’ ಎಂದಿದ್ದರೆ ಬಿ. ಆಮೇಲೆ ಕೊನೆಯ ಸ್ವಗತಕ್ಕೆ ಹೋಗಿ, ಆಕಾಶದಲ್ಲಿ ಕ್ರಿಸ್ತನ ರಕ್ತ ಹರಿಯುವ ಸಾಲು ಇದೆಯೇ ನೋಡಿ. ಇದ್ದರೆ ಎ, ಇಲ್ಲದಿದ್ದರೆ ಬಿ. ಎರಡು ಪರೀಕ್ಷೆಗಳ ಉತ್ತರ ಬೇರೆಬೇರೆ ಬಂದರೆ ಅದು ಬೆರಕೆ ಪ್ರತಿ, ಪಕ್ಕಕ್ಕಿಡಿ.

ಎ ಪಠ್ಯವನ್ನು ಆಧಾರವಾಗಿ ಹಿಡಿದು, ಬಿಯನ್ನು ಪಾಠಾಂತರವಾಗಿ ಬದಿಯಲ್ಲಿ ಇಟ್ಟುಕೊಂಡಿದ್ದೇವೆ. 1950ರಲ್ಲಿ ಎರಡನ್ನೂ ಎದುರುಬದುರು ಅಚ್ಚು ಮಾಡಿಸಿದ ಡಬ್ಲ್ಯೂ. ಡಬ್ಲ್ಯೂ. ಗ್ರೆಗ್ ಬಿಯ ಕಡೆಗೆ ವಾಲಿದ್ದರು. ಈಚಿನ ಸಂಪಾದಕರಲ್ಲಿ ಹೆಚ್ಚಿನವರು ಎಯನ್ನೇ ಮಾರ್ಲೋಗೆ ಹತ್ತಿರದ್ದೆಂದು ಹಿಡಿಯುತ್ತಾರೆ. ಓಲೆಗರಿ ಪ್ರತಿಗಳ ಪಾಠಾಂತರಗಳನ್ನು ಅಡಿಯಲ್ಲಿ ಕೊಡುವ ಕನ್ನಡ ಗ್ರಂಥಸಂಪಾದನೆಯ ಪರಿಚಯವಿದ್ದವರಿಗೆ ಈ ಕ್ರಮ ಹೊಸದೆನಿಸುವುದಿಲ್ಲ.

ಎರಡನೆಯ, ಮೂರನೆಯ ವಾರ: ಕೋಷ್ಟಕ

ಸ್ಪ್ರೆಡ್‌ಶೀಟಿನಲ್ಲಿ ಆರು ಕಾಲಂ ಇವೆ: ಎ ಸಾಲು, ಬಿ ಸಾಲು, ಮಾತಾಡುವವರು, ಬದಲಾದ ಪದ, ಬದಲಾವಣೆಯ ಬಗೆ, ಅರ್ಥದ ಮೇಲೆ ಆಗುವ ಪರಿಣಾಮ. ಮೊದಲು ಅಂಕ, ದೃಶ್ಯದ ಸಂಖ್ಯೆಯಿಂದ ಗುರುತು ಹಾಕಲು ಹೋಗಿ ಎಲ್ಲ ಕಲಸಿಹೋಯಿತು. ಹಳೆಯ ಎರಡು ಮುದ್ರಣಗಳಲ್ಲೂ ಅಂಕಗಳ ವಿಭಾಗವೇ ಇಲ್ಲ. ಅದು ಆಮೇಲಿನ ಸಂಪಾದಕರು ಹಾಕಿದ್ದು, ಒಬ್ಬೊಬ್ಬರದು ಒಂದೊಂದು ರೀತಿ. ಸಾಲಿನ ಸಂಖ್ಯೆಯೂ ಗದ್ಯದ ಜಾಗದಲ್ಲಿ ಕೈಕೊಡುತ್ತದೆ, ಪುಟದ ಅಗಲಕ್ಕೆ ತಕ್ಕಂತೆ ಗದ್ಯದ ಸಾಲು ಮುರಿಯುತ್ತದೆ. ಈಗ ಪ್ರತಿ ಮಾತಿನ ಮೊದಲ ನಾಲ್ಕು ಪದಗಳನ್ನೇ ಗುರುತಾಗಿ ಬಳಸುತ್ತಿದ್ದೇವೆ. ಯಾವ ಮುದ್ರಣ ತೆರೆದರೂ ಹುಡುಕಿದರೆ ಸಿಗುತ್ತದೆ.

ಹಳೆಯ ಮುದ್ರಣದ ಸ್ಕ್ಯಾನ್‌ನಿಂದ ಯಂತ್ರ ಎತ್ತಿದ ಅಕ್ಷರಗಳನ್ನು ನಂಬಬೇಡಿ. ಆ ಕಾಲದ ಉದ್ದನೆಯ ‘ಎಸ್’ ನೋಡಲು ‘ಎಫ್’ನಂತೆಯೇ ಇರುತ್ತದೆ. ಹಾಗಾಗಿ ಆತ್ಮ ಎಂಬರ್ಥದ ‘ಸೋಲ್’ ಪದ ಹೊಲಸು ಎಂಬರ್ಥದ ‘ಫೌಲ್’ ಆಗಿಬಿಡುತ್ತದೆ. ಈ ನಾಟಕದಲ್ಲಿ ಎರಡೂ ಅರ್ಥ ಕೂಡಬಹುದಾದ್ದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಹಾದಿ ತಪ್ಪಿಸುವ ಪದಗಳ ಪಟ್ಟಿ ಬೇರೆ ಇದೆ. ‘ಕನ್ನಿಂಗ್’ ಇಲ್ಲಿ ಕುಯುಕ್ತಿಯಲ್ಲ, ವಿದ್ಯೆ. ‘ಫಿಸಿಕ್’ ಎಂದರೆ ವೈದ್ಯಶಾಸ್ತ್ರ. ‘ಕನ್ಸೀಟ್’ ಬಹಳ ಕಡೆ ಕಲ್ಪನೆ. ‘ಸ್ಟಿಲ್’ ಎಂದರೆ ಸದಾ. ‘ಕ್ವಿಕ್’ ಎಂದರೆ ಜೀವಂತ: ನರಕದ ಒಡೆಯ ಲೂಸಿಫರ್ ಫಾಸ್ಟಸ್‌ನನ್ನು ಬೇಗನೆ ಒಯ್ಯುತ್ತಾನೆಂದಲ್ಲ, ಜೀವಸಹಿತ ಒಯ್ಯುತ್ತಾನೆಂದು ಅರ್ಥ.

ಎ ಪಠ್ಯದಲ್ಲಿ ಒಂದು ಜೋಡಣೆಯ ದೋಷವಿದೆ. ಕುದುರೆ ನೋಡಿಕೊಳ್ಳುವ ಆಳು ರಾಬಿನ್ ಮಂತ್ರದ ಪುಸ್ತಕ ಕದ್ದು ತರುವ ಹಾಸ್ಯ ದೃಶ್ಯವೂ, ಬೆಳ್ಳಿ ಬಟ್ಟಲಿನ ಜಗಳದ ದೃಶ್ಯವೂ ಒಂದರ ಬೆನ್ನಿಗೆ ಒಂದು ಅಚ್ಚಾಗಿವೆ. ರಾಬಿನ್ ಹೊರಟವನು ಆ ಕ್ಷಣವೇ ಮತ್ತೆ ಒಳಗೆ ಬರಬೇಕಾಗುತ್ತದೆ. ಮೊದಲನೆಯದನ್ನು ಹಿಂದಕ್ಕೆ, ಏಳು ಪಾಪಗಳ ಮೆರವಣಿಗೆಗಿಂತ ಮುಂಚೆ ಇಟ್ಟು ಓದಿದರೆ ಗುರು ಮಾಡಿದ್ದನ್ನೇ ಆಳು ಅಣಕಿಸುವ ಸರಣಿ ಸರಿಹೋಗುತ್ತದೆ.

ನಾಲ್ಕನೆಯ ವಾರ: ತಪ್ಪು ಯಾರದು?

ಓದಿನ ತಿರುಳು ಇಲ್ಲಿದೆ. ಮೊದಲ ದೃಶ್ಯದಲ್ಲಿ ಫಾಸ್ಟಸ್ ಬೈಬಲ್ ತೆರೆದು ‘ಪಾಪದ ಸಂಬಳ ಮರಣ’ ಎಂದು ಲ್ಯಾಟಿನ್ನಿನಲ್ಲಿ ಓದಿ ಪುಸ್ತಕ ಮುಚ್ಚುತ್ತಾನೆ. ರೋಮನ್ನರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದ 23ನೆಯ ವಚನ ಅದು. ಅದರ ಉಳಿದರ್ಧ ದೇವರು ಉಚಿತವಾಗಿ ಕೊಡುವ ನಿತ್ಯಜೀವದ ಮಾತು; ಅವನು ಅದನ್ನು ಓದುವುದಿಲ್ಲ. ಆ ಕಾಲದ ಪ್ರೇಕ್ಷಕರು ಚರ್ಚಿನಲ್ಲಿ ಪೂರ್ತಿ ವಚನ ಕೇಳಿದ್ದವರು, ಅರ್ಧಕ್ಕೇ ನಿಂತದ್ದು ಅವರಿಗೆ ಕೇಳಿಸಿರಲೇಬೇಕು. ಎ ಪಠ್ಯದಲ್ಲಿ ಇದು ಪೂರ್ತಿ ಅವನದೇ ಓದು, ಅವನದೇ ಆತುರ.

ಬಿಯಲ್ಲಿ ಕೊನೆಯ ಹೊತ್ತಿಗೆ, ಫಾಸ್ಟಸ್‌ನ ಸೇವೆಗೆ ನಿಂತ ದೆವ್ವ ಮೆಫಿಸ್ಟೋಫಿಲಿಸ್ ಬಾಯಿಬಿಡುತ್ತಾನೆ: ನೀನು ಧರ್ಮಗ್ರಂಥ ನೋಡಲು ಹೊರಟಾಗ ಹಾಳೆ ಮಗುಚಿದವನು ನಾನು, ನಿನ್ನ ಕಣ್ಣನ್ನು ನಡೆಸಿದವನು ನಾನು. ಈ ಒಂದು ಮಾತು ಮೊದಲ ದೃಶ್ಯದ ಅರ್ಥವನ್ನು ಹಿಂದಿನಿಂದ ಬದಲಿಸಿಬಿಡುತ್ತದೆ. ವಿಚಿತ್ರವೆಂದರೆ ಬಿಯದೇ ‘ವಿಲ್ ರಿಪೆಂಟ್’. ಒಂದು ಕಡೆ, ಮನಸ್ಸು ಮಾಡಿದರೆ ಸಾಕು ಎನ್ನುತ್ತದೆ. ಇನ್ನೊಂದು ಕಡೆ, ಆ ಮನಸ್ಸನ್ನೇ ಸೈತಾನ ತಿರುಗಿಸಿದ್ದ ಎನ್ನುತ್ತದೆ. ಎ ಪಠ್ಯ ಇದಕ್ಕಿಂತ ಕಠಿಣ. ಅಲ್ಲಿ ಯಾರೂ ಹಾಳೆ ಮಗುಚಲಿಲ್ಲ, ಆದರೂ ‘ಕ್ಯಾನ್’ ಎಂಬ ಸಣ್ಣ ಪದ ಅವನಿಗೆ ಆ ಶಕ್ತಿ ಉಳಿದಿದೆಯೇ ಎಂದು ಅನುಮಾನಿಸುತ್ತದೆ. ಪಶ್ಚಾತ್ತಾಪವೂ ದೇವರ ಕೃಪೆಯಿಂದಲೇ ಬರಬೇಕೆಂಬ ಕ್ಯಾಲ್ವಿನ್ ಪಂಥದ ವಾದ ಮಾರ್ಲೋ ಓದಿದ ಕೇಂಬ್ರಿಜ್‌ನಲ್ಲಿ ಆ ಕಾಲಕ್ಕೆ ಬಿಸಿಯಾಗಿಯೇ ಇತ್ತು. ಎರಡು ಪಠ್ಯಗಳನ್ನು ಬೆರೆಸಿದರೆ ಈ ಎರಡು ಬೇರೆ ನೋವುಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಬೆರಕೆ ಪ್ರತಿ ಬೇಡವೆಂದು ಹಟ ಹಿಡಿದದ್ದು ಇದಕ್ಕೇ.

ಕನ್ನಡದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಬರುತ್ತದೆ: ‘ಪಶ್ಚಾತ್ತಾಪ ಪಡಬಲ್ಲನಾದರೆ’, ‘ಪಶ್ಚಾತ್ತಾಪಕ್ಕೆ ಮನಸ್ಸು ಮಾಡಿದರೆ’. ಬರೀ ‘ಪಶ್ಚಾತ್ತಾಪ ಪಟ್ಟರೆ’ ಎಂದರೆ ಎರಡೂ ಹೋದಂತೆ.

ಬಿಯ ಇನ್ನೊಂದು ಬಗೆಯ ಬದಲಾವಣೆಗೆ ಕಾನೂನು ಕಾರಣ. 1606ರಲ್ಲಿ ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಎತ್ತುವುದಕ್ಕೆ ದಂಡ ವಿಧಿಸುವ ಕಾಯಿದೆ ಬಂತು. ಎಯಲ್ಲಿ ‘ನನ್ನ ದೇವರೇ, ನನ್ನ ದೇವರೇ, ಅಷ್ಟು ಉಗ್ರವಾಗಿ ನೋಡಬೇಡ’ ಎಂದಿರುವುದು ಬಿಯಲ್ಲಿ ‘ಕರುಣಿಸು ಸ್ವರ್ಗವೇ’ ಎಂದಾಗಿದೆ. ಶಿಲುಬೆಯ ಮೇಲಿನ ಯೇಸುವಿನ ಕೂಗನ್ನು ನೆನಪಿಸುತ್ತಿದ್ದ ದನಿ ಅಲ್ಲಿಗೆ ಮುಗಿಯಿತು.

ಐದನೆಯ ವಾರ: ಒಂದು ಗಂಟೆಯ ಅಳತೆ

ಕೊನೆಯ ಸ್ವಗತ ರಾತ್ರಿ ಹನ್ನೊಂದರ ಗಂಟೆಗೆ ಶುರುವಾಗಿ, ಸೈತಾನ ಅವನನ್ನು ಒಯ್ಯಲು ಬರುವ ಹನ್ನೆರಡಕ್ಕೆ ಮುಗಿಯುತ್ತದೆ. ಎ ಪಠ್ಯದಲ್ಲಿ ನಮ್ಮ ಎಣಿಕೆಯಂತೆ 58 ಸಾಲು: ಅರ್ಧ ಗಂಟೆ ಹೊಡೆಯುವವರೆಗೆ 31, ಅಲ್ಲಿಂದ ಹನ್ನೆರಡರವರೆಗೆ 19, ಆಮೇಲೆ 8. ಸಾಲಿಗೆ ಸುಮಾರು 3 ಸೆಕೆಂಡು ಹಿಡಿದರೆ ಮೊದಲರ್ಧ 93 ಸೆಕೆಂಡು, ಎರಡನೆಯರ್ಧ 57. ಎರಡನೆಯ ಅರ್ಧ ಗಂಟೆ ನಿಜಕ್ಕೂ ಬೇಗ ಓಡುತ್ತದೆ. ಕೊನೆಯ 8 ಸಾಲಿಗೆ 24 ಸೆಕೆಂಡು. ಎರಡು ಸೆಕೆಂಡಿಗೊಂದರಂತೆ ಹನ್ನೆರಡು ಹೊಡೆತಕ್ಕೂ ಅಷ್ಟೇ ಬೇಕು. ಗಂಟೆ ಪೂರ್ತಿ ನಿಂತ ಮೇಲೆ ಮಾತು ಶುರುಮಾಡಿದರೆ ಬಿಗಿ ಕಳಚುತ್ತದೆ. ಮೊದಲ ಹೊಡೆತದ ಮೇಲೇ ‘ಹೊಡೆಯಿತು, ಹೊಡೆಯಿತು’ ಎಂದು ಹಿಡಿದು, ಕೊನೆಯ ಹೊಡೆತಕ್ಕೆ ‘ಪುಸ್ತಕ ಸುಡುತ್ತೇನೆ’ ತಲುಪುವಂತೆ ಓದಿದಾಗ ಸರಿಯಾಗಿ ಕೂತಿತು. ನೆನಪಿಡಬೇಕಾದದ್ದು: ಆ ಕಾಲದ ಬಯಲು ರಂಗಮಂದಿರಗಳಲ್ಲಿ ಆಟ ನಡೆಯುತ್ತಿದ್ದದ್ದು ಮಧ್ಯಾಹ್ನ. ಈ ನಡುರಾತ್ರಿಯನ್ನು ಮಾತು ಮತ್ತು ಗಂಟೆ ಎರಡೇ ಕಟ್ಟಬೇಕು.

ನಡುವೆ ಬರುವ ಲ್ಯಾಟಿನ್ ಸಾಲು ‘ಲೆಂತೆ, ಲೆಂತೆ ಕುರ್ರಿತೆ, ನೋಕ್ಟಿಸ್ ಎಕ್ವಿ’ ರೋಮನ್ ಕವಿ ಓವಿಡ್‌ನ ಪ್ರೇಮಕವನಗಳ ಪುಸ್ತಕ ‘ಅಮೋರೆಸ್’ನದು. ಅಲ್ಲಿ ಬೆಳಗಾಗದಿರಲಿ, ಇರುಳಿನ ಕುದುರೆಗಳು ಮೆಲ್ಲಗೆ ಓಡಲಿ ಎಂಬುದು ತೋಳಿನಲ್ಲಿ ಪ್ರಿಯನಿದ್ದಾಗ ಆಡುವ ಮಾತು. ಮೂಲದಲ್ಲಿ ‘ಲೆಂತೆ’ ಒಂದೇ ಸಲ, ಮಾರ್ಲೋ ಎರಡು ಮಾಡಿದ್ದಾನೆ. ಅಮೋರೆಸ್ಸನ್ನು ಇಂಗ್ಲಿಷಿಗೆ ತಂದವನೂ ಅವನೇ. ಇದನ್ನು ಲ್ಯಾಟಿನ್ನಿನಲ್ಲೇ ಉಳಿಸಿದ್ದೇವೆ.

ಆರನೆಯ ವಾರ: ಕನ್ನಡದ ಸಾಲು

ಪ್ರಾಸವಿಲ್ಲದ ಮೂಲಕ್ಕೆ ಸರಳ ರಗಳೆ ಆರಿಸಿದ್ದೇವೆ: ಐದು ಮಾತ್ರೆಯ ನಾಲ್ಕು ಗಣ, ಸಾಲಿಗೆ 20 ಮಾತ್ರೆ. ನಾಲ್ಕನೆಯ ಸಾಲು ಸದ್ಯಕ್ಕೆ ಹೀಗಿದೆ:

ನಿಲ್ಲಿ, ಓ ನಿಲ್ಲದೆಯೆ ತಿರುಗುತಿಹ ಬಾನುಗಳೆ

ಮಾತ್ರೆ ಸರಿ, ಆದರೆ ಕೆಲಸ ಮುಗಿದಿಲ್ಲ. ಮೂಲದ 4, 31 ಮತ್ತು 50ನೆಯ ಸಾಲುಗಳು ಮೂರೂ ‘ಹೆವನ್’ ಎಂಬ ಪದದಲ್ಲಿ ಮುಗಿಯುತ್ತವೆ. ಮೊದಲನೆಯದರಲ್ಲಿ ಅದು ಬಾನು, ಉಳಿದೆರಡರಲ್ಲಿ ಸ್ವರ್ಗ. ಒಂದೇ ಪದ ಮೂರು ಸಲ ಬಾಗಿಲು ಮುಚ್ಚುವ ಸದ್ದು ಕನ್ನಡದಲ್ಲಿ ಎರಡು ಪದಗಳಾಗಿ ಒಡೆಯುತ್ತದೆ. ‘ಮೇಲು ಲೋಕ’ ಹಾಕಿ ನೋಡಿದರೆ ಮೂರಕ್ಕೂ ಹೊಂದುತ್ತದೆ, ಆದರೆ ತಿರುಗುವ ಗೋಳದ ಚಿತ್ರ ಮಾಯವಾಗುತ್ತದೆ.

‘ಅರ್ತ್, ಗೇಪ್’ ಎಂಬಲ್ಲಿ ‘ಭೂಮಿಯೇ ಬಾಯಿಬಿಡು’ ಎಂದರೆ ಕನ್ನಡದ ಕಿವಿಗೆ ಸೀತೆ ಬಂದುಬಿಡುತ್ತಾಳೆ, ಜೊತೆಗೆ ನಾಚಿಕೆಯ ಅರ್ಥದ ನುಡಿಗಟ್ಟೂ. ಇಲ್ಲಿರುವುದು ನಾಚಿಕೆಯಲ್ಲ, ದೇವರ ಕೋಪದಿಂದ ಅಡಗಿಕೊಳ್ಳುವ ಹೆದರಿಕೆ. ಸೀತೆಯ ನೆನಪನ್ನು ಮಾತ್ರ ತಡೆಯಬೇಕಿಲ್ಲ ಎನಿಸಿತು: ಅವಳನ್ನು ಒಳಗೆ ಕರೆದುಕೊಂಡ ಭೂಮಿ ಇವನನ್ನು ಕರೆದುಕೊಳ್ಳುವುದಿಲ್ಲ. ಹಾಗಾಗಿ ‘ಸೀಳು, ನೆಲವೇ’ ಎಂದು ಬರೆದು ನುಡಿಗಟ್ಟನ್ನಷ್ಟೇ ದೂರವಿಟ್ಟಿದ್ದೇವೆ. ಆತ್ಮ ಬೇರೆ ದೇಹಕ್ಕೆ ಹೋಗುತ್ತದೆಂಬ ಪೈಥಾಗೊರಸ್‌ನ ಸಿದ್ಧಾಂತಕ್ಕೆ ‘ಪುನರ್ಜನ್ಮ’ ಎಂದು ಬರೆದು ಅಳಿಸಿದೆವು. ನಮ್ಮಲ್ಲಿ ಪುನರ್ಜನ್ಮ ದಿನಬಳಕೆಯ ಮಾತು, ಬಿಡಿಸಿಕೊಳ್ಳಬೇಕಾದ ಕಟ್ಟು. ಫಾಸ್ಟಸ್‌ಗೆ ಅದು ತಪ್ಪಿಸಿಕೊಳ್ಳಲು ಇದ್ದಿದ್ದರೆ ಎಂದು ಹಂಬಲಿಸುವ ಕಿಂಡಿ. ಗ್ರೀಕ್ ಹೆಸರನ್ನು ಸಾಲಿನ ಮೊದಲಿಗೇ ಇಟ್ಟರೆ ಆ ದೂರ ಉಳಿಯುತ್ತದೆ.

ಸ್ವಗತದುದ್ದಕ್ಕೂ ಅವನು ತನ್ನನ್ನು ಒಮ್ಮೆ ‘ನಾನು’, ಒಮ್ಮೆ ‘ನೀನು’, ಒಮ್ಮೆ ‘ಫಾಸ್ಟಸ್’ ಎನ್ನುತ್ತಾನೆ. ಕನ್ನಡದ ಕ್ರಿಯಾಪದ ಇದನ್ನು ಮುಚ್ಚಿಡಲು ಬಿಡದು, ಅದು ಅನುಕೂಲವೇ. 48ರಿಂದ 50ರ ಮೂರು ಸಾಲುಗಳಲ್ಲಿ ಶಾಪ ಹೆತ್ತವರಿಂದ ತನಗೆ, ತನ್ನಿಂದ ಲೂಸಿಫರನಿಗೆ ಹೊರಳುತ್ತದೆ. ‘ಇಲ್ಲ, ಫಾಸ್ಟಸ್, ನಿನ್ನನ್ನೇ ಶಪಿಸಿಕೋ’ ಎಂಬಲ್ಲಿ ಓದುವವರು ನಿಲ್ಲಬೇಕು. ಒಂದೇ ಉಸಿರಿನಲ್ಲಿ ಲೂಸಿಫರನಿಗೆ ಹಾರಿದರೆ ಅವನು ತಪ್ಪನ್ನು ಒಪ್ಪಿಕೊಂಡ ಆ ಅರ್ಧ ಸಾಲು ಕೇಳಿಸದೆ ಹೋಗುತ್ತದೆ.

31 ಸಾಲು ಕನ್ನಡಕ್ಕೆ ಬಂದಿವೆ, 27 ಬಾಕಿ. ಮುಂದಿನ ವಾರ 32ನೆಯ ಸಾಲಿನಿಂದ, ಅರ್ಧ ಗಂಟೆ ಹೊಡೆದ ಮೇಲೆ.