‘ಬೀಚ್ ಟಚ್’ ರೂಮು, ಗುಡ್ಡದ ಮೇಲೆ ನಿಂತ ಟಿಟಿ

ನಮ್ಮ ಟ್ರಾವೆಲ್ ಕಂಪನಿಯ ಸೇಲ್ಸ್‌ನವರಿಗೆ ಗೋಕರ್ಣದ ಯಾವ ರೂಮಾದರೂ ‘ಬೀಚ್ ಟಚ್’ ಆಗಿಯೇ ಕಾಣುತ್ತದೆ. ಪಾರ್ಟಿಗೆ ಕಳಿಸುವ ಕೋಟ್‌ನಲ್ಲಿ (ಕೊಟೇಶನ್) ಹಾಗೆ ಬರೆದರೆ ಅಡ್ವಾನ್ಸ್ ಬೇಗ ಬೀಳುತ್ತದಂತೆ. ಆಮೇಲೆ ನಿಭಾಯಿಸಲು ಆಪರೇಷನ್ಸ್‌ನಲ್ಲಿ ನಾವಿದ್ದೇವಲ್ಲ.

ಡಿಸೆಂಬರ್‌ನ ಒಂದು ವೀಕೆಂಡ್. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಗೋಕರ್ಣಕ್ಕೆ ಟಿಟಿ (ಟೆಂಪೋ ಟ್ರಾವೆಲರ್), ಭಾನುವಾರ ರಾತ್ರಿ ಅಲ್ಲಿಂದ ವಾಪಸ್. ಒಂದೇ ಕುಟುಂಬದವರು, ಜೊತೆಗೆ ಕೋಲು ಹಿಡಿದು ನಡೆಯುವ ಅಜ್ಜಿ. ರಿಮಾರ್ಕ್ಸ್‌ನಲ್ಲಿ ‘ವಯಸ್ಸಾದವರಿದ್ದಾರೆ, ಬೀಚ್ ಹತ್ತಿರ ಇರಲಿ’ ಅಂತ ಇತ್ತು. ನಾನು ಕುಡ್ಲೆ ಬೀಚಿನ ಕಾಟೇಜ್ ಬ್ಲಾಕ್ ಮಾಡಿದೆ. ಮ್ಯಾಪಿನಲ್ಲಿ ಪಿನ್ ಮರಳಿನ ಅಂಚಿಗೇ ಇತ್ತು, ಪಾರ್ಕಿಂಗ್ ಅದರ ಪಕ್ಕದಲ್ಲೇ. ವೌಚರ್ ಕಳಿಸಿ ಆರಾಮಾಗಿ ಮಲಗಿದೆ.

ಶನಿವಾರ ಬೆಳಿಗ್ಗೆ ಡ್ರೈವರ್ ಫೋನ್. “ಸಾರ್, ರೋಡು ಇಲ್ಲಿಗೇ ಮುಗೀತು. ಸಮುದ್ರ ಕೆಳಗೈತೆ.”

ಕುಡ್ಲೆಗೆ ಹೋದವರಿಗೆ ಗೊತ್ತು. ಗಾಡಿ ಮೇಲೆಯೇ ನಿಲ್ಲುತ್ತದೆ. ಮೆಟ್ಟಿಲು ಇಳಿದು, ಮರಳಿನಲ್ಲಿ ನಡೆದು ಕಾಟೇಜ್ ಸೇರಬೇಕು. ಮ್ಯಾಪಿನಲ್ಲಿ ಎಷ್ಟು ದೂರ ಅಂತ ಕಾಣುತ್ತದೆ, ಇಳಿಜಾರು ಕಾಣುವುದಿಲ್ಲ.

ಅಜ್ಜಿಯ ಮಗ ಲೈನಿಗೆ ಬಂದರು. ಬೈದಿದ್ದರೆ ಸುಲಭ ಇತ್ತು. ಅವರು ತಣ್ಣಗೆ ಹೇಳಿದರು: “ಹತ್ತಿರ ಅಂದ್ರಿ, ಹತ್ತಿರಾನೇ ಇದೆ. ಕಾಣ್ತಾನೂ ಇದೆ. ಅಮ್ಮನ್ನ ಇಳಿಸೋದು ಹೇಗೆ ಅಂತ ಮಾತ್ರ ಹೇಳಿಬಿಡಿ.” ಕಾಟೇಜಿನವನನ್ನು ಕಾನ್ಫರೆನ್ಸ್‌ಗೆ ಹಾಕಿದೆ. ಪ್ಲಾಸ್ಟಿಕ್ ಚೇರಿನಲ್ಲಿ ಕೂರಿಸಿ ನಾಲ್ಕು ಹುಡುಗರು ಹೊತ್ತು ಇಳಿಸುತ್ತಾರೆ ಅಂದ. ಬದುಕಿದೆ ಅನ್ನಿಸಿತು. “ನೋಡಿ ಸರ್, ನಾಲ್ಕು ಜನ ಎತ್ಕೊಂಡು ಹೋಗ್ತಾರೆ, ಅಮ್ಮ ಸುಮ್ನೆ ಕೂತ್ರೆ ಸಾಕು” ಅಂತ ಉತ್ಸಾಹದಿಂದಲೇ ಹೇಳಿದೆ. ಫೋನ್ ಸ್ಪೀಕರ್‌ನಲ್ಲಿತ್ತು. ಹಿಂದಿನಿಂದ ಅಜ್ಜಿಯ ದನಿ ಕೇಳಿತು: “ನಾಲ್ಕು ಜನ ಎತ್ಕೊಂಡು ಹೋಗೋ ದಿನ ಇನ್ನೂ ಬಂದಿಲ್ಲಪ್ಪ ನಂಗೆ.”

ಟಿಟಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಗ ನಗಲಿಲ್ಲ. ನನಗೆ ಬಾಯಿ ಒಣಗಿತು.

ಆಮೇಲೆ ಊರೊಳಗಿನ ಒಂದೊಂದೇ ನಂಬರ್ ತಿರುಗಿಸುತ್ತಾ ಕೂತೆ. ಡಿಸೆಂಬರ್‌ನ ಶನಿವಾರ, ಎಲ್ಲಾ ಫುಲ್. ರೂಮಿದ್ದ ಕಡೆ ಅದು ಮೇಲಿನ ಮಹಡಿ. ಕೊನೆಗೆ ರಥಬೀದಿ ಹತ್ತಿರದ ಒಬ್ಬ ಹೋಂಸ್ಟೇಯವರು “ಅಡ್ಡಿಲ್ಲ, ಕೆಳಗಿಂದೇ ಒಂದು ರೂಮು ಖಾಲಿಯಾಗ್ತದೆ, ಹತ್ತಕ್ಕೆ ಕೊಡುವಾ” ಅಂದರು. ಅಷ್ಟರಲ್ಲಿ ಮಹಾಬಲೇಶ್ವರನ ದರ್ಶನ ಮುಗಿಸಿ ಅಂದೆ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಿಗ್ಗೆಯೇ ಒಳ್ಳೆಯದು. ಅಜ್ಜಿ ಬಂದಿದ್ದೇ ಅದಕ್ಕಂತೆ. ಅವರಿಗೆ ಬೀಚ್ ಬೇಕೇ ಇರಲಿಲ್ಲ! ನಾವು ಯಾರೂ ಕೇಳಿರಲಿಲ್ಲ. ಸಣ್ಣವರೆಲ್ಲ ಕುಡ್ಲೆಯಲ್ಲೇ ಉಳಿದರು.

ಸೋಮವಾರದ ರಿವ್ಯೂನಲ್ಲಿ ಮ್ಯಾನೇಜರ್ ಕೇಳಿದ್ದು ಒಂದೇ: ವೆಂಡರ್ ಲಿಸ್ಟಿನಲ್ಲಿ ಇಲ್ಲದ ಹೋಂಸ್ಟೇಗೆ ಯಾಕೆ ದುಡ್ಡು ಹೋಯಿತು? ಕೋಟ್ ಬರೆದವರ ಸುದ್ದಿಗೆ ಯಾರೂ ಹೋಗಲಿಲ್ಲ.

ಈಗ ಗೋಕರ್ಣ ಅಂದ ಕೂಡಲೇ ಗಾಡಿ ಎಲ್ಲಿವರೆಗೆ ಬರುತ್ತದೆ, ಅಲ್ಲಿಂದ ಎಷ್ಟು ಮೆಟ್ಟಿಲು ಅಂತ ರೂಮಿನವರನ್ನೇ ಕೇಳುತ್ತೇನೆ. ಓಂ ಬೀಚಿಗೂ ಮೆಟ್ಟಿಲು ಇಳಿಯಬೇಕು. ಹಾಫ್ ಮೂನ್, ಪ್ಯಾರಡೈಸ್‌ಗೆ ರೋಡೇ ಇಲ್ಲ. ಗುಡ್ಡ ಹತ್ತಿಳಿಯಬೇಕು, ಇಲ್ಲಾ ದೋಣಿ. ಮಳೆಗಾಲದಲ್ಲಿ ಆ ದೋಣಿಯೂ ಇಲ್ಲ. ರೈಲಿನಲ್ಲಿ ಹೋಗುವವರಿಗೆ ಗೋಕರ್ಣ ರೋಡ್ ಸ್ಟೇಷನ್ ಊರಾಚೆ ಇದೆ ಅಂತ ಮೊದಲೇ ಹೇಳಿಬಿಡಬೇಕು. ಮಂಡಿ ನೋವಿನವರು ಜಾಸ್ತಿ ಇದ್ದರೆ ನಾನು ಮುರುಡೇಶ್ವರ ಅನ್ನುತ್ತೇನೆ. ದೇವಸ್ಥಾನ, ಸಮುದ್ರ ಎರಡೂ ಒಂದೇ ಕಡೆ, 237 ಅಡಿಯ ರಾಜಗೋಪುರಕ್ಕೆ ಲಿಫ್ಟೂ ಇದೆ.

2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಕುಸಿದ ಮೇಲೆ ನಮ್ಮ ಶೀಟಿಗೆ ‘ರೋಡ್ ಸ್ಟೇಟಸ್’ ಅಂತ ಒಂದು ಕಾಲಮ್ ಬಂತು. ಒಳ್ಳೆಯದೇ. ‘ಮೆಟ್ಟಿಲು’ ಅಂತ ಇನ್ನೊಂದು ಕೇಳಿದರೆ ಟೆಂಪ್ಲೇಟ್ ಲಾಕ್ ಆಗಿದೆಯಂತೆ. ರಿಮಾರ್ಕ್ಸ್‌ನಲ್ಲಿ ಕೆಂಪಗೆ ಬರೆದರೆ ಸೇಲ್ಸ್‌ನವರು ಕೋಟ್ ಕಳಿಸುವ ಮುಂಚೆ ಅಳಿಸುತ್ತಾರೆ. ಹಾಗಾಗಿ ಟ್ರಿಪ್ ಹೊರಡುವ ಮುಂಚಿನ ಗುರುವಾರ ನಾನೇ ಪಾರ್ಟಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಒಂದೆರಡು ಬುಕಿಂಗ್ ಕ್ಯಾನ್ಸಲ್ ಆದವು. ಅದಕ್ಕೆ ಮಾತ್ರ ಮ್ಯಾನೇಜರಿಂದ ತಕ್ಷಣ ಮೇಲ್ ಬಂತು.