ಅಯೋವಾದಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲಿಗೆ ಅಷ್ಟು ಜನ ಯಾಕೆ ಸೇರ್ತಾರೆ?

ನಾನಿರೋದು ಅಮೆರಿಕದ ಅಯೋವಾ ರಾಜ್ಯದ ಅಯೋವಾ ಸಿಟಿಯಲ್ಲಿ ಅಂತ ಗೊತ್ತಾದ ಕೂಡಲೇ ಊರಿನ ನೆಂಟರಿಂದ ಹಿಡಿದು ಕನ್ನಡ ಕೂಟದಲ್ಲಿ ಹೊಸದಾಗಿ ಪರಿಚಯವಾದವರವರೆಗೆ ಎಲ್ಲರೂ ಕೇಳುವುದು ಇದನ್ನೇ: "ಅಲ್ಲಿ ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ನೋಡೋಕೆ ಸ್ಟೇಡಿಯಂ ತುಂಬುತ್ತಂತೆ, ಹೌದಾ? ಎಲ್ಲಾ ಆ ಕೇಟ್ಲಿನ್ ಕ್ಲಾರ್ಕ್ ಬಂದಮೇಲೆ ಶುರುವಾಗಿದ್ದು ಅಲ್ವಾ? ಅವಳು ಹೋದಳಲ್ಲ, ಇನ್ನು ಯಾರು ಬರ್ತಾರೆ?" ಕ್ಲಾರ್ಕ್ ಅಂದರೆ 2024ರವರೆಗೆ ಇಲ್ಲಿನ ಅಯೋವಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ತಾರೆ. ಫೋನಿನಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಸ್ಟೇಡಿಯಂ ತುಂಬುವುದು ನಿಜ. 2023ರ ಅಕ್ಟೋಬರ್ 15ರಂದು ಅಯೋವಾ ವಿಶ್ವವಿದ್ಯಾಲಯದ ಹುಡುಗಿಯರು ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ತಂಡದ ಎದುರು ಆಡಿದ್ದು ಒಳಾಂಗಣದಲ್ಲಲ್ಲ, ಇಲ್ಲಿನ ಅಮೆರಿಕನ್ ಫುಟ್‌ಬಾಲ್ ಮೈದಾನ ಕಿನಿಕ್ ಸ್ಟೇಡಿಯಂನಲ್ಲಿ. ಬಯಲಲ್ಲೇ ಮರದ ಅಂಕಣ ಹಾಸಿದ್ದರು. ಗಾಳಿ ಬೇರೆ ಜೋರಾಗಿತ್ತು. ಅದು ಲೀಗಿನ ಲೆಕ್ಕಕ್ಕೇ ಬರದ ಪ್ರದರ್ಶನ ಪಂದ್ಯ. ಆದರೂ ಬಂದವರು 55,646 ಮಂದಿ. ಆರು ತಿಂಗಳ ನಂತರ, 2024ರ ಏಪ್ರಿಲ್‌ನಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ನಡೆದ ರಾಷ್ಟ್ರೀಯ ಫೈನಲ್‌ನಲ್ಲಿ ಅಯೋವಾ ಸೌತ್ ಕೆರೊಲಿನಾ ಎದುರು 87-75ರಿಂದ ಸೋತಿತು. ಆ ಪಂದ್ಯವನ್ನು ಟಿವಿಯಲ್ಲಿ ನೋಡಿದವರು ಸರಾಸರಿ 1.89 ಕೋಟಿ. ಅದೇ ವರ್ಷದ ಹುಡುಗರ ಫೈನಲ್ ನೋಡಿದವರು ಸುಮಾರು 1.48 ಕೋಟಿ. ಹುಡುಗಿಯರ ಫೈನಲ್ ಹುಡುಗರದ್ದನ್ನು ಮೀರಿಸಿದ್ದು ಅದೇ ಮೊದಲು.

ಇದೆಲ್ಲ ಕ್ಲಾರ್ಕ್ ಕಾಲದ್ದು, ಒಪ್ಪಿದೆ. ಈಗ ಇನ್ನೊಂದು ತಾರೀಕು ಹೇಳುತ್ತೇನೆ: 1985ರ ಫೆಬ್ರವರಿ 3. ಅಯೋವಾ ಸಿಟಿಯ ಕಾರ್ವರ್-ಹಾಕೈ ಅರೀನಾದಲ್ಲಿ ಒಹಾಯೊ ಸ್ಟೇಟ್ ಎದುರು ಪಂದ್ಯ. ಅಲ್ಲಿರುವ ಆಸನಗಳು ಹದಿನೈದು ಸಾವಿರದ ಆಸುಪಾಸು. ಆವತ್ತು ಒಳಗಿದ್ದವರು 22,157 ಜನ. ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲಿಗೆ ಅಷ್ಟು ಜನ ಅದುವರೆಗೆ ಎಲ್ಲೂ ಸೇರಿರಲಿಲ್ಲ. ಕ್ಲಾರ್ಕ್ ಹುಟ್ಟಿದ್ದು 2002ರಲ್ಲಿ. ಹಾಗಾದರೆ ಆ ಇಪ್ಪತ್ತೆರಡು ಸಾವಿರ ಜನ ಎಲ್ಲಿಂದ ಬಂದರು?

ಹಳ್ಳಿ ಶಾಲೆಗಳಿಂದ ಬಂದರು. ನನ್ನ ಉತ್ತರದ ತಿರುಳು ಇಷ್ಟೇ. ಅಯೋವಾದಲ್ಲಿ ತಾರೆಗಿಂತ ಎಷ್ಟೋ ಮೊದಲೇ ಪ್ರೇಕ್ಷಕರಿದ್ದರು.

ಅಯೋವಾ ಅಂದರೆ ಮೆಕ್ಕೆಜೋಳ, ಸೋಯಾ, ಹಂದಿ ಸಾಕಣೆ. ಮೈಲಿಗಟ್ಟಲೆ ಹೊಲ, ನಡುನಡುವೆ ಐನೂರೋ ಸಾವಿರವೋ ಜನರ ಪುಟ್ಟ ಊರುಗಳು. ಅಂಥ ಊರಿನ ಹೈಸ್ಕೂಲಿನಲ್ಲಿ ಫುಟ್‌ಬಾಲ್ ತಂಡ ಕಟ್ಟುವಷ್ಟು ಹುಡುಗರು ಸಿಗುವುದೇ ಕಷ್ಟ, ಆದರೆ ಬ್ಯಾಸ್ಕೆಟ್‌ಬಾಲಿಗೆ ಬೇಕಾದ ಆರು ಹುಡುಗಿಯರು ಯಾವ ಊರಲ್ಲೂ ಸಿಗುತ್ತಿದ್ದರು. ಚಳಿಗಾಲದಲ್ಲಿ ಹೊಲದ ಕೆಲಸ ಕಮ್ಮಿ, ಹೊರಗೆ ಹಿಮ, ಊರಿಗೆಲ್ಲ ಸೇರಲು ಬೆಚ್ಚಗಿನ ಜಾಗ ಅಂದರೆ ಶಾಲೆಯ ಜಿಮ್. ಹುಡುಗಿಯರ ಮೊದಲ ರಾಜ್ಯ ಟೂರ್ನಿ ನಡೆದದ್ದು 1920ರಲ್ಲಿ, ರಾಜಧಾನಿ ಡೆಮೊಯಿನ್‌ನ ಡ್ರೇಕ್ ವಿಶ್ವವಿದ್ಯಾಲಯದಲ್ಲಿ. ಗೆದ್ದದ್ದು ಕರೆಕ್ಷನ್‌ವಿಲ್ ಎಂಬ ಸಣ್ಣ ಊರು.

ಆಮೇಲೆ ನಡೆದದ್ದು ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. 1920ರ ದಶಕದಲ್ಲಿ ಅಮೆರಿಕದ ತುಂಬ ಒಂದು ಅಭಿಪ್ರಾಯ ಬಲವಾಗಿ ಬೆಳೆಯಿತು: ಹೆಣ್ಣುಮಕ್ಕಳು ವ್ಯಾಯಾಮ ಮಾಡಲಿ, ಆಟ ಆಡಲಿ, ಆದರೆ ಶಾಲೆ ಶಾಲೆಗಳ ನಡುವೆ ಸ್ಪರ್ಧೆ ಬೇಡ, ಅದು ಅವರ ದೇಹಕ್ಕೂ ಮನಸ್ಸಿಗೂ ಒಳ್ಳೆಯದಲ್ಲ. ಈ ವಾದದ ಮುಂಚೂಣಿಯಲ್ಲಿದ್ದವರು ಲೂ ಹೆನ್ರಿ ಹೂವರ್, ಮುಂದೆ ಅಧ್ಯಕ್ಷ ಹರ್ಬರ್ಟ್ ಹೂವರ್ ಅವರ ಪತ್ನಿಯಾಗಿ ಶ್ವೇತಭವನದಲ್ಲಿದ್ದವರು. ಅವರು ಹುಟ್ಟಿದ್ದು ಅಯೋವಾದ ವಾಟರ್ಲೂ ಊರಿನಲ್ಲೇ. ಒಂದೊಂದೇ ರಾಜ್ಯ ಹುಡುಗಿಯರ ಟೂರ್ನಿಗಳನ್ನು ಕೈಬಿಡುತ್ತ ಬಂತು. 1925ರಲ್ಲಿ ಅಯೋವಾದ ಶಾಲಾ ಕ್ರೀಡಾ ಸಂಘವೂ ನಿಲ್ಲಿಸುವ ತೀರ್ಮಾನ ಮಾಡಿತು.

ಅದನ್ನು ಒಪ್ಪದವರು ಸಣ್ಣ ಊರುಗಳ ಶಾಲಾ ಮುಖ್ಯಸ್ಥರು. ಕಲ್ಲಿದ್ದಲು ಗಣಿಯ ಊರಾದ ಮಿಸ್ಟಿಕ್‌ನಿಂದ ಬಂದಿದ್ದ ಜಾನ್ ಏಗನ್ಸ್ ಸಭೆಯಲ್ಲಿ ಎದ್ದು ನಿಂತು, ಅಯೋವಾದಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಅಳಿಸಲು ಹೊರಟವರು ರೈಲು ಬರುವಾಗ ಹಳಿಯ ಮೇಲೆ ನಿಂತಂತೆ ಎಂದು ಎಚ್ಚರಿಸಿದರಂತೆ. ಅವರೆಲ್ಲ ಹೊರಬಂದು ಹುಡುಗಿಯರಿಗಾಗಿಯೇ ಪ್ರತ್ಯೇಕ ಸಂಘ ಕಟ್ಟಿದರು. ಆ ಸಂಘ ಇವತ್ತಿಗೂ ಇದೆ. ಹೊಲದಲ್ಲಿ ಹುಲ್ಲು ಹೊರುವ, ಕೊಟ್ಟಿಗೆಯಲ್ಲಿ ಹಾಲು ಕರೆಯುವ ಮಗಳು ಚೆಂಡು ಹಿಡಿದು ಓಡಿದರೆ ಬಳಲಿಬಿಡುತ್ತಾಳೆ ಎಂದು ಯಾವ ರೈತ ನಂಬಿಯಾನು? ದೊಡ್ಡ ನಗರಗಳ ಶಾಲೆಗಳು ಆಟದಿಂದ ಹಿಂದೆ ಸರಿದವು, ಹಳ್ಳಿಗಳು ಬಿಡಲಿಲ್ಲ.

ಅವರು ಆಡುತ್ತಿದ್ದದ್ದು ಇವತ್ತಿನ ಐವರ ಆಟ ಅಲ್ಲ, ಆರು ಜನರ ಆಟ. ಅಂಕಣದ ನಡುವೆ ಗೆರೆ. ಪ್ರತಿ ತಂಡದ ಮೂವರು ಫಾರ್ವರ್ಡ್‌ಗಳು ಒಂದು ಅರ್ಧದಲ್ಲಿ, ಮೂವರು ಗಾರ್ಡ್‌ಗಳು ಇನ್ನೊಂದು ಅರ್ಧದಲ್ಲಿ. ಗೆರೆ ಯಾರೂ ದಾಟುವಂತಿಲ್ಲ. ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ಪುಟಿಸುವಂತಿಲ್ಲ. ಬುಟ್ಟಿಗೆ ಎಸೆಯುವವರು ಫಾರ್ವರ್ಡ್‌ಗಳು ಮಾತ್ರ, ಗಾರ್ಡ್‌ಗಳ ಕೆಲಸ ತಡೆಯುವುದು, ಚೆಂಡು ಕಿತ್ತು ಗೆರೆಯಾಚೆ ದಾಟಿಸುವುದು. ಹೆಣ್ಣು ದೇಹ ಇಡೀ ಅಂಕಣ ಓಡಲಾರದು ಎಂಬ ಹಳೆಯ ನಂಬಿಕೆಯಿಂದ ಹುಟ್ಟಿದ ನಿಯಮಗಳಿವು. ಆದರೆ ಆಡಿದವರು ಅವುಗಳಿಂದಲೇ ಚುರುಕಾದ, ಕಣ್ಣು ಕೀಳಲಾಗದ ಆಟವೊಂದನ್ನು ಬೆಳೆಸಿದರು. ಎರಡೇ ಪುಟಿತ ಅಂದಮೇಲೆ ಪಾಸ್ ಖಚಿತವಾಗಿರಲೇಬೇಕು, ಎಸೆತ ಗುರಿ ತಪ್ಪಬಾರದು.

1968ರ ರಾಜ್ಯ ಫೈನಲ್ ಬಗ್ಗೆ ಇಲ್ಲಿನ ಹಿರಿಯರು ಇವತ್ತಿಗೂ ಮಾತಾಡುತ್ತಾರೆ. ಯೂನಿಯನ್ ಮತ್ತು ವಿಟನ್ ಎಂಬ ಎರಡು ಪುಟ್ಟ ಊರುಗಳ ಒಂದೇ ಶಾಲೆ ಒಂದು ಕಡೆ, ಎವರ್ಲಿ ಇನ್ನೊಂದು ಕಡೆ. ಎವರ್ಲಿಯ ಜೆನೆಟ್ ಓಲ್ಸನ್ ಒಬ್ಬಳೇ 76 ಅಂಕ ಗಳಿಸಿದಳು, ಯೂನಿಯನ್-ವಿಟನ್‌ನ ಡೆನಿಸ್ ಲಾಂಗ್ 64. ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯವನ್ನು ಯೂನಿಯನ್-ವಿಟನ್ 113-107ರಿಂದ ಗೆದ್ದಿತು. ಡೆನಿಸ್ ಹೈಸ್ಕೂಲಿನಲ್ಲಿ ಗಳಿಸಿದ ಒಟ್ಟು ಅಂಕ ಆರು ಸಾವಿರ ದಾಟಿತು. ಮರುವರ್ಷ ಗಂಡಸರ ವೃತ್ತಿಪರ ಲೀಗ್ ಎನ್‌ಬಿಎಯ ತಂಡ ಸ್ಯಾನ್ ಫ್ರಾನ್ಸಿಸ್ಕೊ ವಾರಿಯರ್ಸ್, ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಅವಳ ಹೆಸರು ಕೂಗಿತು. ಲೀಗಿನ ಕಮಿಷನರ್ ಅದನ್ನು ಮಾನ್ಯ ಮಾಡಲಿಲ್ಲ. ಆಗ ಅವಳಂಥ ಆಟಗಾರ್ತಿಗೆ ಶಾಲೆ ಮುಗಿದ ಮೇಲೆ ಹೋಗಿ ಆಡಲು ಜಾಗವೇ ಇರಲಿಲ್ಲ ಎನ್ನುವುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆದರೂ ಈ ಪರಂಪರೆ ಉಳಿದದ್ದು ಡೆನಿಸ್‌ಳಂಥವರಿಂದ ಮಾತ್ರ ಅಲ್ಲ. ಕಾರ್ವರ್-ಹಾಕೈನಲ್ಲಿ ಒಮ್ಮೆ ನನ್ನ ಪಕ್ಕ ಎಂಬತ್ತು ದಾಟಿದಂತೆ ಕಾಣುತ್ತಿದ್ದ ಅಜ್ಜಿಯೊಬ್ಬರು ಕೂತಿದ್ದರು. ಹಳದಿ ಸ್ವೆಟರು, ಮಡಿಲಲ್ಲಿ ಪಾಪ್‌ಕಾರ್ನ್. ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿದ್ದು ಇಡೀ ಅರೀನಾ ಎದ್ದು ಕುಣಿದಾಗ ಅವರು ಸುಮ್ಮನೆ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ ನಮ್ಮ ತಂಡದ ಒಬ್ಬ ಹುಡುಗಿ ಕಾಲು ಸರಿಸುತ್ತ ಸರಿಸುತ್ತ ಎದುರಾಳಿಯನ್ನು ಬುಟ್ಟಿಯ ಹತ್ತಿರಕ್ಕೇ ಬಿಡದೆ ಮೂಲೆಗೆ ತಳ್ಳಿದಳು. ಚೆಂಡು ಹೊರಗೆ ಹೋಯಿತು. ಅಂಕಪಟ್ಟಿಯಲ್ಲಿ ಏನೂ ಬದಲಾಗಲಿಲ್ಲ. ಅಜ್ಜಿ ಆಗ ಎದ್ದು ನಿಂತು ಕೂಗಿದರು. ಕೂತಮೇಲೆ ನನ್ನ ಕಡೆ ತಿರುಗಿ, ತಾನು ಶಾಲೆಯಲ್ಲಿ ಗಾರ್ಡ್ ಆಗಿದ್ದೆ ಎಂದರು. ಅಷ್ಟು ವರ್ಷ ಆಡಿಯೂ ಪಂದ್ಯವೊಂದರಲ್ಲಿ ಒಮ್ಮೆಯೂ ಬುಟ್ಟಿಗೆ ಚೆಂಡು ಎಸೆದವರಲ್ಲ ಅವರು, ನಿಯಮವೇ ಹಾಗಿತ್ತು. ಆದರೆ ಒಂದು ಒಳ್ಳೆಯ ತಡೆ ಎಂದರೇನು ಎನ್ನುವುದು ಅವರಿಗೆ ನನಗಿಂತ, ಬಹುಶಃ ಟಿವಿಯಲ್ಲಿ ಮಾತಾಡುವವರಿಗಿಂತ ಚೆನ್ನಾಗಿ ಗೊತ್ತು. ಅಂಥ ಕಣ್ಣುಳ್ಳವರು ಈ ರಾಜ್ಯದ ಪ್ರತಿ ಊರಲ್ಲೂ ಇದ್ದಾರೆ. ತಾವು ಆಡಿದವರು, ತಂಗಿ ಆಡಿದ್ದನ್ನು ನೋಡಿದವರು, ಮಾರ್ಚ್ ಬಂದರೆ ರಾಜ್ಯ ಟೂರ್ನಿಗೆ ಊರಿಗೆ ಊರೇ ಡೆಮೊಯಿನ್‌ಗೆ ಹೊರಟದ್ದನ್ನು ಕಂಡವರು.

ಈ ಪರಂಪರೆಯ ಮಿತಿಯನ್ನೂ ಹೇಳಬೇಕು. ನಗರದ ಹುಡುಗಿಯರು, ಅವರಲ್ಲೂ ಕಪ್ಪು ಜನಾಂಗದ ಹುಡುಗಿಯರು ದಶಕಗಳ ಕಾಲ ಇದರ ಹೊರಗೇ ಉಳಿದರು. ಅರ್ಧ ಅಂಕಣದಲ್ಲೇ ಬೆಳೆದವರಿಗೆ ಕಾಲೇಜಿನ ಐವರ ಆಟ ಹೊಸದಾಗಿ ಕಲಿಯಬೇಕಾಗುತ್ತಿತ್ತು, ವಿದ್ಯಾರ್ಥಿವೇತನ ಸಿಗುವುದು ಕಷ್ಟವಾಗುತ್ತಿತ್ತು. ಕೊನೆಗೆ ವಿಷಯ ಕೋರ್ಟ್ ಮೆಟ್ಟಿಲೇರಿತು. 1980ರ ದಶಕದಲ್ಲಿ ದೊಡ್ಡ ಶಾಲೆಗಳು ಐವರ ಆಟಕ್ಕೆ ಬದಲಾದವು, 1993ರಲ್ಲಿ ಆರು ಜನರ ಆಟ ಪೂರ್ತಿ ನಿಂತಿತು. ನಿಲ್ಲಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆ ಆಟ ಹೋಯಿತೆಂದು ಅತ್ತವರ ದುಃಖವೂ ನನಗೆ ಅರ್ಥವಾಗುತ್ತದೆ.

ಹೈಸ್ಕೂಲಿನ ಪ್ರೀತಿ ಕಾಲೇಜಿಗೆ ತಾನಾಗಿ ಹರಿದು ಬರಲಿಲ್ಲ, ಇದನ್ನು ತುಂಬ ಜನ ಮರೆಯುತ್ತಾರೆ. ಶಿಕ್ಷಣದಲ್ಲಿ ಲಿಂಗಭೇದ ನಿಷೇಧಿಸಿದ ಟೈಟಲ್ ನೈನ್ ಕಾನೂನು ಬಂದದ್ದು 1972ರಲ್ಲಿ. ಮರುವರ್ಷ ಸ್ಕಾಟ್ಲೆಂಡ್ ಮೂಲದ ಕ್ರಿಸ್ಟೀನ್ ಗ್ರಾಂಟ್ ಅಯೋವಾ ವಿಶ್ವವಿದ್ಯಾಲಯದ ಮಹಿಳಾ ಕ್ರೀಡಾ ವಿಭಾಗದ ನಿರ್ದೇಶಕಿಯಾದರು, 2000ದವರೆಗೂ ಆ ಜಾಗದಲ್ಲಿದ್ದರು. ಸಮಾನ ಹಣ, ಸಮಾನ ಸೌಲಭ್ಯಕ್ಕಾಗಿ ಅವರು ವಾಷಿಂಗ್ಟನ್‌ವರೆಗೂ ಹೋಗಿ ವಾದ ಮಂಡಿಸಿದವರು. 1983ರಲ್ಲಿ ಅವರು ಕರೆತಂದ ಕೋಚ್ ವಿವಿಯನ್ ಸ್ಟ್ರಿಂಗರ್. ಸ್ಟ್ರಿಂಗರ್ ಬಂದ ಎರಡನೇ ಋತುವಿನಲ್ಲೇ ಆ 22,157 ಜನ. 1993ರಲ್ಲಿ ಅವರು ತಂಡವನ್ನು ಫೈನಲ್ ಫೋರ್‌ಗೆ, ಅಂದರೆ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಹಂತಕ್ಕೆ ಕರೆದೊಯ್ದರು, ಗಂಡನನ್ನು ಕಳೆದುಕೊಂಡ ಕೆಲವೇ ತಿಂಗಳಲ್ಲಿ.

ತಾರೆ ಇದ್ದರೆ ಮಾತ್ರ ಜನ ಬರುತ್ತಾರೆ ಎನ್ನುವವರಿಗೆ ನಾನು ತೋರಿಸುವುದು ಏಮ್ಸ್ ಊರಿನ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯವನ್ನು. ಡೇವನ್‌ಪೋರ್ಟ್‌ನವರಾದ ಬಿಲ್ ಫೆನೆಲಿ 1995ರಲ್ಲಿ ಅಲ್ಲಿನ ಕೋಚ್ ಆದಾಗ ಪಂದ್ಯಕ್ಕೆ ಬರುತ್ತಿದ್ದವರು ಬೆರಳೆಣಿಕೆಯಷ್ಟು. ಕೆಲವೇ ವರ್ಷಗಳಲ್ಲಿ ಅವರ ಅರೀನಾ ಹಿಲ್ಟನ್ ಕೊಲೀಸಿಯಂ ಪ್ರೇಕ್ಷಕರ ಸಂಖ್ಯೆಯಲ್ಲಿ ದೇಶದ ಮುಂಚೂಣಿಗೆ ಬಂತು, ಅಲ್ಲೇ ಉಳಿಯಿತು. ಅವರ ಕಾಲದಲ್ಲಿ ತಂಡ ಫೈನಲ್ ಫೋರ್ ತಲುಪಿಲ್ಲ. ಆದರೂ ಸಾವಿರಾರು ಜನ ಜನವರಿಯ ಹಿಮದಲ್ಲಿ ಕಾರು ಓಡಿಸಿಕೊಂಡು ಬರುತ್ತಾರೆ. ಗೆಲುವಿಗಾಗಿ ಬರುವ ಜನ ಹೀಗೆ ಮಾಡುವುದಿಲ್ಲ.

ಇನ್ನು ಕ್ಲಾರ್ಕ್. ಡೆಮೊಯಿನ್‌ನಲ್ಲಿ ಹುಟ್ಟಿದವಳು, ಅಲ್ಲೇ ಶಾಲೆ, ಕಾಲೇಜಿಗೂ ರಾಜ್ಯ ಬಿಟ್ಟು ಹೋಗಲಿಲ್ಲ. ನಾಲ್ಕು ವರ್ಷದಲ್ಲಿ 3,951 ಅಂಕ. ಅಮೆರಿಕದ ಕಾಲೇಜು ಕ್ರೀಡಾ ಸಂಘ ಎನ್‌ಸಿಎಎಯ ಮೊದಲ ದರ್ಜೆಯಲ್ಲಿ ಗಂಡಸರೂ ಸೇರಿ ಯಾರೂ ಅಷ್ಟು ಗಳಿಸಿಲ್ಲ. ಅವಳ ಪ್ರತಿಭೆ ಅವಳದ್ದೇ, ಅದನ್ನು ಯಾವ ಪರಂಪರೆಯ ಖಾತೆಗೂ ಜಮಾ ಮಾಡುವುದು ಬೇಡ. ಆದರೆ ಅವಳನ್ನು ತಿದ್ದಿದವರನ್ನು ನೋಡಿ. ಮುಖ್ಯ ಕೋಚ್ ಆಗಿದ್ದ ಲಿಸಾ ಬ್ಲೂಡರ್ ಅಯೋವಾದ ಮೇರಿಯನ್ ಊರಿನವರು, ಆರು ಜನರ ಆಟ ಆಡಿ ಬೆಳೆದವರು. ಸಹಾಯಕ ಕೋಚ್ ಜ್ಯಾನ್ ಜೆನ್ಸನ್ ಕಿಂಬಲ್ಟನ್ ಎಂಬ ಹಳ್ಳಿಯವರು, ಹೈಸ್ಕೂಲಿನ ಕೊನೆಯ ವರ್ಷ ಪಂದ್ಯಕ್ಕೆ ಸರಾಸರಿ 66 ಅಂಕ ಗಳಿಸುತ್ತಿದ್ದವರು. ಜೆನ್ಸನ್ ಅವರ ಅಜ್ಜಿ 1921ರಲ್ಲಿ ರಾಜ್ಯ ಟೂರ್ನಿ ಗೆದ್ದ ಆಡುಬನ್ ತಂಡದಲ್ಲಿ ಆಡಿದ್ದರು. ಬ್ಲೂಡರ್ 2024ರಲ್ಲಿ ನಿವೃತ್ತರಾದಾಗ ಆ ಕುರ್ಚಿಗೆ ಬಂದವರು ಜೆನ್ಸನ್.

"ಅವಳು ಹೋದಳಲ್ಲ, ಇನ್ನು ಯಾರು ಬರ್ತಾರೆ" ಎಂಬ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿದೆ. ಕ್ಲಾರ್ಕ್ ವೃತ್ತಿಪರ ಲೀಗಿನ ಇಂಡಿಯಾನಾ ತಂಡಕ್ಕೆ ಹೋದ ಮೇಲಿನ ಋತುವಿನ ಸೀಸನ್ ಟಿಕೆಟ್‌ಗಳೂ ಪೂರ್ತಿ ಮಾರಾಟವಾದವು. 2025ರ ಫೆಬ್ರವರಿ 2ರಂದು ಅವಳ 22ನೇ ಸಂಖ್ಯೆಯ ಜೆರ್ಸಿಗೆ ವಿದಾಯ ಹೇಳಿದ ದಿನ, ಅವಳಿಲ್ಲದ ತಂಡ ಕ್ಯಾಲಿಫೋರ್ನಿಯಾದ ಬಲಿಷ್ಠ ಯುಎಸ್‌ಸಿ ವಿಶ್ವವಿದ್ಯಾಲಯದ ತಂಡವನ್ನು 76-69ರಿಂದ ಸೋಲಿಸಿತು.

ಕೆಲವರು ಮುಂದುವರಿದು, ನಮ್ಮಲ್ಲಿ ಯಾಕೆ ಹೀಗಾಗಲ್ಲ ಅಂತಲೂ ಕೇಳುತ್ತಾರೆ. ನಮ್ಮಲ್ಲಿ ಆಡುವವರಿಗೇನೂ ಬರವಿಲ್ಲ. 2017ರಲ್ಲಿ ಬೆಂಗಳೂರಿನಲ್ಲೇ ನಡೆದ ಮಹಿಳೆಯರ ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿತು. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕಕ್ಕೇ ಬಂದು ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಪರ ಆಡಿದರು. ನಮ್ಮಲ್ಲಿ ಇಲ್ಲದ್ದು, ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಹೆಣ್ಣುಮಕ್ಕಳ ಆಟ ನಡೆಯುವಾಗ ಅಪ್ಪ, ಚಿಕ್ಕಪ್ಪ, ಅಂಗಡಿಯವರು, ಎಲ್ಲರೂ ಬಂದು ಕೂರುವ ರೂಢಿ. ಪಿ.ಟಿ. ಮೇಷ್ಟ್ರು ಮತ್ತು ಜೊತೆಗೆ ಬಂದ ಟೀಚರ್ ಬಿಟ್ಟರೆ ಅಲ್ಲಿ ನೋಡುವವರು ಎಷ್ಟು ಜನ?

ಚಳಿಗಾಲದಲ್ಲಿ ಷಿಕಾಗೋ ಕಡೆ ಬರುವವರಿದ್ದರೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಅಲ್ಲಿಂದ ಅಯೋವಾ ಸಿಟಿಗೆ ಕಾರಿನಲ್ಲಿ ನಾಲ್ಕು ಗಂಟೆಯೊಳಗಿನ ದಾರಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಪಂದ್ಯಗಳಿರುತ್ತವೆ. ಇಲ್ಲಿ ಟಿಕೆಟ್ ಸಿಗದಿದ್ದರೆ ಇನ್ನೆರಡು ಗಂಟೆ ಮುಂದೆ ಏಮ್ಸ್‌ಗೆ ಹೋಗಿ. ಹೆಣ್ಣುಮಕ್ಕಳನ್ನೂ, ಮುಖ್ಯವಾಗಿ ಗಂಡುಮಕ್ಕಳನ್ನೂ ಕರೆದುಕೊಂಡು ಬನ್ನಿ.